ಮಹಾರಾಜರ ಅಂಗಾಲಿನ ಬೊಬ್ಬೆ

ಬಹಳ ಹಿಂದೆ, ಬೇಸಿಗೆ ಬಂದಿದೆಯೋ ಇಲ್ಲವೋ ಎಂಬುದನ್ನು ರಾಜನ ಅಂಗಾಲು ತೀರ್ಮಾನಿಸುತ್ತಿದ್ದ ಕಾಲದಲ್ಲಿ, ತಂಬೆಲರನಾಡು ಎಂಬ ಒಂದು ರಾಜ್ಯವಿತ್ತು. ತಣ್ಣನೆಯ ಗಾಳಿ ಅದರ ಹೆಸರಿನಲ್ಲಿತ್ತು, ಊರಿನಲ್ಲಿರಲಿಲ್ಲ. ಇದ್ದಷ್ಟನ್ನೂ ಅರಮನೆಯವರು ಒಳಗೆ ಎಳೆದುಕೊಂಡಿದ್ದರು.

ಅರಮನೆಯ ಹಿಂಭಾಗದಲ್ಲಿ ತಂಪುಯಂತ್ರವೆಂಬ ಒಂದು ಮಹಾಯಂತ್ರವಿತ್ತು. ಅದರ ಒಲೆಗೆ ಕಾಡಿನ ಮರಗಳನ್ನು ಕಡಿದು ತಂದು ಸುರಿಯುತ್ತಲೇ ಇರಬೇಕು. ಸುರಿದಷ್ಟೂ ಅದು ಒಂದು ಬಾಯಿಂದ ಸಿಂಹಾಸನದ ಕಡೆಗೆ ತಂಪುಗಾಳಿಯನ್ನೂ ಇನ್ನೊಂದು ಬಾಯಿಂದ ಪೇಟೆಯ ಕಡೆಗೆ ಬಿಸಿಗಾಳಿಯನ್ನೂ ಊದುತ್ತಿತ್ತು. ಆಡಳಿತದ ಭಾಷೆಯಲ್ಲಿ ಇದಕ್ಕೆ ವಿಕೇಂದ್ರೀಕರಣ ಎಂದು ಹೆಸರು.

ಇಂಥ ರಾಜ್ಯಕ್ಕೆ ಒಂದು ಒಳ್ಳೆಯ ಸಂಪ್ರದಾಯವೂ ಇತ್ತು. ರಾಜವಂಶದ ಮೂಲಪುರುಷನು ದೊಡ್ಡ ಮನಸ್ಸಿನವನು. ಪ್ರಜೆಗಳ ಕಷ್ಟ ತನ್ನ ಮೈಗೆ ತಾಕದೆ ತನಗೆ ತಿಳಿಯುವುದಿಲ್ಲ ಎಂದು ಅರಿತಿದ್ದ ಆತ, ಪ್ರತಿ ವೈಶಾಖ ಮಾಸದಲ್ಲಿ ಅರಮನೆಯಿಂದ ನದೀತೀರದ ಗುಡಿಯವರೆಗೆ ಬರಿಗಾಲಲ್ಲಿ ನಡೆಯುತ್ತಿದ್ದ. ಅಂಗಾಲಿನಲ್ಲಿ ಬೊಬ್ಬೆ ಎದ್ದರೆ ರಾಜ್ಯದಲ್ಲಿ ಕಡುಬೇಸಿಗೆ ಬಂದಿದೆ ಎಂದು ಲೆಕ್ಕ. ಕೂಡಲೇ ಕೋಟೆಯ ಗೋಪುರದ ನೆರಳುಗಂಟೆಯನ್ನು ಬಾರಿಸುತ್ತಿದ್ದರು. ಗಂಟೆ ಕೇಳಿದೊಡನೆ ಬಯಲಿನ ಕೆಲಸವೆಲ್ಲ ಹೊತ್ತು ಇಳಿಯುವವರೆಗೆ ನಿಲ್ಲಬೇಕು. ಅರಮನೆಯ ತೋಪಿನ ಬಾಗಿಲು ತೆರೆಯಬೇಕು, ಯಾರು ಬೇಕಾದರೂ ಹೋಗಿ ಮರದ ಕೆಳಗೆ ಕೂರಬಹುದು. ಬೀದಿಬೀದಿಗೆ ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಡಬೇಕು.

ಮೂಲಪುರುಷನ ಅಂಗಾಲು ಮೊಮ್ಮಕ್ಕಳಿಗೆ ಬರಲಿಲ್ಲ, ನಡಿಗೆ ಮಾತ್ರ ಬಂತು. ಒಬ್ಬ ಅರಸ ದಾರಿಗೆ ನೀರು ಚಿಮುಕಿಸಿದ. ಅವನ ಮಗ ರತ್ನಗಂಬಳಿ ಹಾಸಿಸಿದ. ಅವನ ಮಗ ನಡಿಗೆಯನ್ನು ಬೆಳಗಿನ ಜಾವಕ್ಕೆ ಬದಲಾಯಿಸಿದ. ಈಗಿನ ಮಹಾರಾಜರಾದ ಶ್ರೀ ಸ್ವಾನುಭವೇಂದ್ರರ ಕಾಲಕ್ಕೆ ಬರುವಷ್ಟರಲ್ಲಿ, ಮುಂಜಾವದ ತಂಗಾಳಿಯಲ್ಲಿ, ಒದ್ದೆ ರತ್ನಗಂಬಳಿಯ ಮೇಲೆ, ಎರಡೂ ಬದಿಗೆ ಲಾವಂಚದ ಬೀಸಣಿಗೆಗಳ ನಡುವೆ ಮಹಾರಾಜರು ನಡೆಯುತ್ತಿದ್ದರು. ಬೊಬ್ಬೆ ಎದ್ದು ಎಷ್ಟು ತಲೆಮಾರಾಗಿತ್ತೋ ಯಾರಿಗೂ ನೆನಪಿರಲಿಲ್ಲ. ಆದ್ದರಿಂದ ಅಷ್ಟು ತಲೆಮಾರುಗಳಿಂದ ಆ ರಾಜ್ಯಕ್ಕೆ ಬೇಸಿಗೆಯೇ ಬಂದಿರಲಿಲ್ಲ. ಬೆವರಿಗೆ ಸರ್ಕಾರಿ ಕಡತಗಳಲ್ಲಿ ಕರ್ತವ್ಯಜಲ ಎನ್ನುತ್ತಿದ್ದರು. ಬೀದಿಯಲ್ಲಿ ನಿಂತು ಬೀಸಣಿಗೆ ಬೀಸಿಕೊಳ್ಳುವುದು ಅಪಪ್ರಚಾರವೆಂದು ಪರಿಗಣಿತವಾಗಿತ್ತು.

ನಡಿಗೆ ಮುಗಿದ ಮೇಲೆ ಮಹಾರಾಜರ ಪಾದಗಳನ್ನು ಪರೀಕ್ಷಿಸಿ, "ಬೇಸಿಗೆ ಬಂದಿಲ್ಲ, ಲೋಕ ತಂಪಾಗಿದೆ" ಎಂದು ಮೂರು ಸಲ ಘೋಷಿಸುವುದು ರಾಜಪುರೋಹಿತರಾದ ಶಂಭು ಅವಧಾನಿಗಳ ಕೆಲಸ. ಅವರ ತಂದೆಯೂ ಇದನ್ನೇ ಘೋಷಿಸಿದ್ದರು. ಅವಧಾನಿಗಳಿಗೆ ಒಳ್ಳೆಯ ಕಂಠವಿತ್ತು. ದೇವರಲ್ಲಿ ಭಕ್ತಿಯಿತ್ತು, ಅರಮನೆಯಲ್ಲಿ ನಂಬಿಕೆಯಿತ್ತು. ಎರಡನ್ನೂ ಒಂದೇ ಮಡಿಯಲ್ಲಿ ಕಟ್ಟಿಕೊಂಡು ಅವರು ಮುದುಕರಾಗಿದ್ದರು.

ಅವರ ಹೆಂಡತಿ ತುಂಗಮ್ಮನಿಗೆ ಅರಮನೆಯ ವಿಷಯದಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಮನೆಯ ಮುಂದೆ ಆಗ ರಾಜಮಾರ್ಗದ ಕೆಲಸ ನಡೆಯುತ್ತಿತ್ತು. ಸಾಲುಮರಗಳನ್ನು ಕಡಿದು ತಂಪುಯಂತ್ರಕ್ಕೆ ಕಳಿಸಿ, ಅವು ಇದ್ದ ಜಾಗದಲ್ಲಿ ಕರಿಯ ಚಪ್ಪಡಿ ಹಾಸುತ್ತಿದ್ದರು. ಮಧ್ಯಾಹ್ನವಾಯಿತೆಂದರೆ ಆಕೆ ಜಗಲಿಯ ಮೇಲೆ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂಲಿಯವರನ್ನು ಕರೆಕರೆದು ಕೊಡುತ್ತಿದ್ದಳು. ಅದಕ್ಕೆ ಅರವಟ್ಟಿಗೆ ಎಂದು ಹೆಸರಿಟ್ಟರೆ ರಾಜದ್ರೋಹ. ಆದ್ದರಿಂದ, ಕೇಳಿದವರಿಗೆ, "ಮನೆಯಲ್ಲಿ ಮಜ್ಜಿಗೆ ಮಿಕ್ಕಿತ್ತು" ಎನ್ನುತ್ತಿದ್ದಳು. ದಿನಾ ಒಂದು ಗಡಿಗೆ ಮಿಕ್ಕುತ್ತಿತ್ತು.

ಒಂದು ವೈಶಾಖದಲ್ಲಿ ಅವಧಾನಿಗಳು ನಡಿಗೆ ಮುಗಿಸಿ, ಘೋಷಣೆ ಮಾಡಿ, ಹೊತ್ತೇರಿದ ಮೇಲೆ ಮನೆಗೆ ಬಂದಾಗ ತುಂಗಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

"ಏನ್ರೀ ಇದು, ಮನೆಯೇ ಒಲೆ ಆದ ಹಾಗಿದೆ."

"ಬೇಸಿಗೆ ಬಂದಿಲ್ಲ ಕಣೇ. ಬೆಳಿಗ್ಗೆ ನಾನೇ ಹೇಳಿ ಬಂದೆ."

"ಹಾಗಾದ್ರೆ ಈ ಸೆರಗಿಗೂ ಒಂದು ಮಾತು ಹೇಳಿ, ಒಣಗಲಿ."

ಅವಧಾನಿಗಳು ನಕ್ಕರು. ಅವರ ಬೆನ್ನಿನಲ್ಲೂ ಕರ್ತವ್ಯಜಲ ಹರಿಯುತ್ತಿತ್ತು. ಅದು ಭಕ್ತಿಯ ಶ್ರಮ ಎಂದುಕೊಂಡಿದ್ದರು. ತುಂಗಮ್ಮ ಗಡಿಗೆ ಎತ್ತಿಕೊಂಡು ಜಗಲಿಗೆ ಹೋದಳು. ಕೂಲಿಯವರಲ್ಲಿ ದುರುಗಮ್ಮ ಎಂಬುವಳು ಮಜ್ಜಿಗೆ ಕುಡಿದು ಇನ್ನೂ ಬಾಯಿ ಒರೆಸಿಕೊಂಡಿರಲಿಲ್ಲ, ತುಂಗಮ್ಮ ಸೌಟು ಹಿಡಿದ ಹಾಗೇ ಕಂಬಕ್ಕೆ ಒರಗಿದಳು. ಮತ್ತೆ ಏಳಲಿಲ್ಲ.

ಆಸ್ಥಾನವೈದ್ಯ ಕುಶಲಪಂಡಿತರು ಬಂದು ನಾಡಿ ನೋಡಿ, ತೀರಿಕೊಂಡದ್ದು ಅತಿಯಾದ ಸಂತೋಷದಿಂದ ಎಂದರು. ಬೇಸಿಗೆ ಬಾರದಿರುವ ರಾಜ್ಯದಲ್ಲಿ ಬಿಸಿಲಿಗೆ ಸಾಯಲು ಕಾನೂನಿನಲ್ಲಿ ಅವಕಾಶವಿರಲಿಲ್ಲ.

ಆ ಮಧ್ಯಾಹ್ನ ಅವಧಾನಿಗಳು ಬರಿಗಾಲಲ್ಲಿ ಮಸಣಕ್ಕೆ ನಡೆದರು. ಮೊದಲ ಬಾರಿಗೆ ಆ ಕರಿಯ ಚಪ್ಪಡಿ ಅವರ ಅಂಗಾಲನ್ನು ಮುಟ್ಟಿತು. ಚಿತೆಯ ಮುಂದೆ ನಿಂತಾಗ ಯಾವುದು ಬೆಂಕಿಯ ಬಿಸಿ, ಯಾವುದು ಬಿಸಿಲಿನ ಬಿಸಿ ಎಂಬುದು ಅವರಿಗೆ ಬೇರೆ ಬೇರೆಯಾಗಿ ತಿಳಿಯಲಿಲ್ಲ. ಮರಳಿ ಬಂದು ಕಾಲು ತೊಳೆದುಕೊಂಡು ನೋಡಿದರೆ ಎರಡೂ ಅಂಗಾಲಿನಲ್ಲಿ ಬೊಬ್ಬೆ. ಜೀವಮಾನವೆಲ್ಲ ಬೇರೊಬ್ಬರ ಅಂಗಾಲು ನೋಡಿ ಬದುಕಿದವರು ಅಂದು ತಮ್ಮದೇ ಅಂಗಾಲನ್ನು ನೋಡಿಕೊಂಡು ಕೂತರು. ಕೊನೆಗೆ ದೇವರ ಮನೆಗೆ ಹೋಗಿ, ನೆರಳುಗಂಟೆಯನ್ನು ಬಾರಿಸಿಯೇ ಸಾಯುತ್ತೇನೆ ಎಂದು ತುಂಗಮ್ಮನ ಹೆಸರಿನಲ್ಲಿ ಸಂಕಲ್ಪ ಮಾಡಿದರು.

ಆದರೆ ಗಂಟೆ ಬಾರಿಸಬೇಕಾದರೆ ಮಹಾರಾಜರಿಗೆ ಬೊಬ್ಬೆ ಏಳಬೇಕು. ಪುರೋಹಿತರ ಬೊಬ್ಬೆ ಲೆಕ್ಕಕ್ಕಿಲ್ಲ.

ವರ್ಷ ತಿರುಗಿತು. ವೈಶಾಖ ಹತ್ತಿರವಾಗುತ್ತಿದ್ದಂತೆ ಅರಮನೆಯಲ್ಲಿ ನಡಿಗೆಯ ಪೂರ್ವಭಾವಿ ಸಭೆ ಸೇರಿತು. ಸಭೆಯ ಮುಂದಾಳು ಮಹಾಮಂತ್ರಿ ತಥಾಸ್ತುರಾಯರು. ಮಹಾರಾಜರು ಏನೇ ಹೇಳಿದರೂ "ತಥಾಸ್ತು" ಎನ್ನುವುದು ಅವರ ರಾಜನೀತಿ. ಈ ಒಂದೇ ಪದದಿಂದ ಅವರು ಮೂವರು ಮಹಾರಾಜರನ್ನು ದಾಟಿ ಬಂದಿದ್ದರು.

ಅವಧಾನಿಗಳು ಎದ್ದು ನಿಂತು ಹೇಳಿದರು, "ಪ್ರಭು, ಮೂಲಪುರುಷರು ನಡೆಯುತ್ತಿದ್ದುದು ಅಭಿಜಿನ್ಮುಹೂರ್ತದಲ್ಲಿ. ಸೂರ್ಯ ನೆತ್ತಿಯ ಮೇಲೆ ಬಂದಾಗ. ವಿಜಯಕ್ಕೆ ಅದಕ್ಕಿಂತ ಪ್ರಶಸ್ತವಾದ ಹೊತ್ತು ಇನ್ನೊಂದಿಲ್ಲ."

ತಥಾಸ್ತುರಾಯರು ಹುಬ್ಬೇರಿಸಿದರು. "ಬೆಳಗಿನ ಜಾವವೇ ಪ್ರಶಸ್ತವೆಂದು ಇಷ್ಟು ವರ್ಷ ತಾವೇ ಹೇಳುತ್ತಿದ್ದಿರಲ್ಲ, ಅವಧಾನಿಗಳೇ?"

"ಹೇಳುತ್ತಿದ್ದೆ."

"ಈಗ ಶಾಸ್ತ್ರ ಬದಲಾಯಿತೇ?"

"ಶಾಸ್ತ್ರ ಅಲ್ಲೇ ಇದೆ. ನಾನೇ ತಡವಾಗಿ ಓದಿದೆ."

ಮಹಾರಾಜ ಸ್ವಾನುಭವೇಂದ್ರರು ಯೋಚಿಸುತ್ತಿದ್ದರು. ಅವರು ಕೆಟ್ಟವರಲ್ಲ. ಹುಟ್ಟಿದಾಗಿನಿಂದ ತಂಪಿನಲ್ಲೇ ಇದ್ದು ಲೋಕವೂ ತಂಪಾಗಿದೆ ಎಂದು ತಿಳಿದವರು, ಅಷ್ಟೆ. ಅವರಿಗಿದ್ದ ಚಿಂತೆಯೇ ಬೇರೆ.

"ಬೆಳಗಿನ ಜಾವದ ನಡಿಗೆಯಲ್ಲಿ ಫೋಟೋ ಕಪ್ಪಾಗಿ ಬರುತ್ತದೆ" ಎಂದರು ಮಹಾರಾಜರು. "ಹೋದ ವರ್ಷ ನನ್ನ ಮುಖಕ್ಕಿಂತ ಕಂಬಳಿಯೇ ಚೆನ್ನಾಗಿ ಬಂದಿತ್ತು. ಮಧ್ಯಾಹ್ನ ಬೆಳಕು ಹೇಗಿರುತ್ತದೆ, ಅವಧಾನಿಗಳೇ?"

"ಅದಕ್ಕಿಂತ ಒಳ್ಳೆಯ ಬೆಳಕನ್ನು ಭಗವಂತ ಸೃಷ್ಟಿ ಮಾಡಿಲ್ಲ, ಪ್ರಭು."

"ಹಾಗಾದರೆ ಮಧ್ಯಾಹ್ನವೇ ಆಗಲಿ."

ತಥಾಸ್ತುರಾಯರಿಗೆ ಅಡ್ಡಿ ಮಾಡುವ ಮನಸ್ಸಿತ್ತು. ಆದರೆ ಬಾಯಿ ಅಭ್ಯಾಸಬಲದಿಂದ "ತಥಾಸ್ತು" ಎಂದುಬಿಟ್ಟಿತ್ತು.

ನಡಿಗೆಯ ದಿನ ಬಂತು. ಊರಿಗೆ ಊರೇ ಚಪ್ಪಡಿಯ ಎರಡೂ ಬದಿಗೆ ನಿಂತಿತ್ತು, ಏಕೆಂದರೆ ನಿಲ್ಲಬೇಕೆಂದು ಆದೇಶವಿತ್ತು. ಜನ ಒಂದು ಕಾಲೆತ್ತಿ ಇನ್ನೊಂದು ಕಾಲೂರಿ, ಆಮೇಲೆ ಅದನ್ನೆತ್ತಿ ಇದನ್ನೂರಿ ನಿಂತಿದ್ದರು. ಇದನ್ನು ಪ್ರಚಾರಶಾಖೆಯವರು ಜನರ ಸಂಭ್ರಮದ ಹೆಜ್ಜೆ ಎಂದು ಬರೆದುಕೊಂಡರು. ಮಹಾರಾಜರು ಮುತ್ತಿನ ಕೊಡೆಯ ನೆರಳಿನಲ್ಲಿ, ಒದ್ದೆ ಮಾಡಿ ಹಾಸಿದ ರತ್ನಗಂಬಳಿಯ ಮೇಲೆ ಹೊರಟರು. ಹಿಂದೆ ಮಂತ್ರಿಗಳು, ಕವಿಗಳು, ಅವರ ಹಿಂದೆ ಅವಧಾನಿಗಳು. ಅವಧಾನಿಗಳ ತುಟಿಯಲ್ಲಿ ಮಂತ್ರವಿತ್ತು, ಕಣ್ಣು ಮಹಾರಾಜರ ಹಿಮ್ಮಡಿಯ ಮೇಲಿತ್ತು. ಕಂಬಳಿಯ ಒದ್ದೆ ಇನ್ನೂ ಆರಿರಲಿಲ್ಲ. ದೇವರೇ, ಹೀಗೇ ಮುಗಿದರೆ ಏನು ಮಾಡಲಿ ಎಂದು ಅವರು ಮಂತ್ರದ ನಡುವೆಯೇ ಕೇಳಿಕೊಂಡರು.

ದೇವರು ಫೋಟೋ ತೆಗೆಯುವವನ ರೂಪದಲ್ಲಿ ಬಂದ. ಅವನು ಮುಂದೆ ಓಡಿ ಬಂದು ಕೈಮುಗಿದು ಬಿನ್ನವಿಸಿದ, "ಪ್ರಭು, ಫ್ರೇಮಿನಲ್ಲಿ ಕಂಬಳಿ ಬರ್ತಾ ಇದೆ. ಒಂದೇ ಒಂದು ಹೆಜ್ಜೆ ಆಚೆ ಬಂದರೆ ಗ್ರೌಂಡ್ ರಿಯಾಲಿಟಿ ಚೆನ್ನಾಗಿ ಬರುತ್ತದೆ."

ಮಹಾರಾಜರಿಗೆ ಇಂಥ ಮಾತುಗಳು ಇಷ್ಟ. ಅವರು ಕೊಡೆಯವನಿಗೆ ಹಿಂದೆ ಸರಿ ಎಂದು ಸನ್ನೆ ಮಾಡಿ, ಪ್ರಜೆಗಳತ್ತ ನಗುತ್ತ, ಬಲಗಾಲನ್ನು ಕರಿಯ ಚಪ್ಪಡಿಯ ಮೇಲಿಟ್ಟರು. ಆಮೇಲೆ ಎಡಗಾಲನ್ನೂ ಇಟ್ಟರು.

ನಗು ಮುಖದಲ್ಲಿ ಹಾಗೇ ಉಳಿಯಿತು. ಮಹಾರಾಜರು ಮೇಲಕ್ಕೆ ಹಾರಿದರು. ಕೆಳಗೆ ಬಂದ ಮೇಲೆ ಮತ್ತೆ ಹಾರಿದರು. ಇದು ಹೊಸ ಕಾರ್ಯಕ್ರಮವಿರಬೇಕೆಂದು ಮಂತ್ರಿಗಳೂ ಕಂಬಳಿಯ ಮೇಲೆ ನಿಂತಲ್ಲೇ ಹಾರಿದರು. ಕವಿಗಳು ತಾಳ ಹಾಕಿದರು.

"ಸುಡುತ್ತಿದೆ" ಎಂದರು ಮಹಾರಾಜರು.

"ತಥಾಸ್ತು" ಎಂದರು ಮಹಾಮಂತ್ರಿಗಳು.

"ಅಯ್ಯೋ, ಕಾಲು ಸುಡುತ್ತಿದೆ ಎಂದೆ."

"ತಥಾಸ್ತು, ತಥಾಸ್ತು ಪ್ರಭು."

ಹಾರಾಟದಲ್ಲಿ ಮಹಾರಾಜರು ಕಂಬಳಿಯಿಂದ ಇನ್ನೂ ದೂರ ಹೋದರು. ಸಾಲಿನಲ್ಲಿ ನಿಂತಿದ್ದ ದುರುಗಮ್ಮ ನೋಡಿ ನೋಡಿ ತಡೆಯಲಾರದೆ ಮುಂದೆ ಬಂದು, ತಲೆಯ ಮೇಲಿದ್ದ ನೀರಿನ ಕೊಡ ಇಳಿಸಿ, ಅದರಡಿಯ ಬಟ್ಟೆಯ ಸಿಂಬಿಯನ್ನು ನೆಲಕ್ಕೆ ಹಾಕಿ ಅವರನ್ನು ಅದರ ಮೇಲೆ ನಿಲ್ಲಿಸಿದಳು. ಕೊಡದ ನೀರನ್ನು ರಾಜಪಾದದ ಮೇಲೆ ಸುರಿದಳು. ಮಹಾರಾಜರಿಗೆ ಉಸಿರು ಬಂತು. ಅವರು ಕೆಳಗೆ ನೋಡಿದರು. ಆಕೆಯ ಕಾಲಲ್ಲಿ ಏನೂ ಇರಲಿಲ್ಲ.

"ನಿನಗೆ ಕಾಲು ಸುಡುವುದಿಲ್ಲವೇ?"

"ಸುಡ್ತದೆ ಬುದ್ಧಿ."

"ಮತ್ತೆ ನೀನೇಕೆ ಕುಣಿಯುತ್ತಿಲ್ಲ?"

"ದಿನಾ ಕುಣಿಯಕ್ಕೆ ಪುರುಸೊತ್ತು ಎಲ್ಲೈತೆ ಬುದ್ಧಿ. ಹೊತ್ತು ಮುಳುಗೋದ್ರೊಳಗೆ ಚಪ್ಪಡಿ ಹಾಕಿ ಮುಗಿಸ್ಬೇಕು."

ಮಹಾರಾಜರ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ಕಣ್ಣೀರು, ಪ್ರಚಾರಶಾಖೆಗೆ ಮೊದಲೇ ತಿಳಿಸಿರಲಿಲ್ಲ. "ಇಷ್ಟು ಸುಡುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲವಲ್ಲ" ಎಂದರು. ಹೇಳಿದ್ದವರು ಅಪಪ್ರಚಾರದ ಆರೋಪದ ಮೇಲೆ ಸೆರೆಮನೆಯಲ್ಲಿದ್ದುದರಿಂದ ಅಂದಿನ ಸಮಾರಂಭಕ್ಕೆ ಬರಲು ಸಾಧ್ಯವಾಗಿರಲಿಲ್ಲ.

ಅವಧಾನಿಗಳು ಮಂಡಿಯೂರಿ ಕುಳಿತು ರಾಜಪಾದವನ್ನು ಕೈಯಲ್ಲಿ ಹಿಡಿದರು. ಬಲ ಅಂಗಾಲಿನ ನಡುವೆ, ಹೆಸರುಕಾಳಿನಷ್ಟು, ಒಂದು ಬೊಬ್ಬೆ ಎದ್ದಿತ್ತು. ಅವರು ಅದನ್ನು ಮಗುವಿನ ಮೊದಲ ಹಲ್ಲು ನೋಡುವಂತೆ ನೋಡಿದರು. ಎದ್ದು ನಿಂತು, ಅವರ ತಂದೆಯೂ ಹೇಳಿರದ ಮಾತನ್ನು ಹೇಳಿದರು. "ಬೇಸಿಗೆ ಬಂದಿದೆ."

"ನೆರಳುಗಂಟೆ ಬಾರಿಸಿ" ಎಂದರು ಮಹಾರಾಜರು. "ಈಗಲೇ. ತೋಪಿನ ಬಾಗಿಲು ತೆಗೆಯಿರಿ. ಆ ತಂಪುಯಂತ್ರವನ್ನು ನಿಲ್ಲಿಸಬಹುದೇ ಎಂದು ಯೋಚಿಸಿ."

ಇದನ್ನು ನಂಬಬೇಕೋ ಬೇಡವೋ ಎಂದು ಜನರಿಗೆ ತಿಳಿಯಲಿಲ್ಲ. ಅವಧಾನಿಗಳು ಮಾತ್ರ ಉತ್ತರೀಯ ಸೊಂಟಕ್ಕೆ ಬಿಗಿದು, ವಯಸ್ಸನ್ನು ಮರೆತು ಗೋಪುರದ ಮೆಟ್ಟಿಲು ಹತ್ತಿದರು. ಏದುಸಿರು ಬಿಡುತ್ತ ಮೇಲೆ ಹೋಗಿ ನೋಡಿದರೆ, ಆಳೆತ್ತರದ ಕಂಚಿನ ಗಂಟೆ ಇತ್ತು. ಒಳಗೆ ನಾಲಿಗೆ ಇರಲಿಲ್ಲ. ಗಾಳಿಗೆ ಗಂಟೆ ಅಲ್ಲಾಡಿ ಮಹಾರಾಜರ ಅಜ್ಜನ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಯಾವ ಕಾಲದಲ್ಲೋ ಬಿಚ್ಚಿ ತೆಗೆದಿದ್ದರಂತೆ.

ಹಿಂದೆಯೇ ಪಲ್ಲಕ್ಕಿಯಲ್ಲಿ ಬಂದ ತಥಾಸ್ತುರಾಯರು ಕೆಳಗಿನಿಂದ ಕೇಳಿದರು, "ಏನಾಯಿತು?"

"ನಾಲಿಗೆ ಇಲ್ಲ. ಪರವಾಗಿಲ್ಲ, ಒಂದು ಕಲ್ಲು ಕೊಡಿಸಿ. ಕಲ್ಲಿನಿಂದ ಹೊಡೆದರೂ ಸದ್ದು ಬರುತ್ತದೆ."

"ಸದ್ದು ಬರುತ್ತದೆ. ಆಮೇಲೆ ಆಡಿಟ್‌ನಲ್ಲಿ ಆಕ್ಷೇಪಣೆಯೂ ಬರುತ್ತದೆ. ಶಾಸನದಲ್ಲಿ ಗಂಟೆ ಎಂದಿದೆ, ಕಲ್ಲು ಎಂದಿಲ್ಲ. ಅಲ್ಪಾವಧಿ ಟೆಂಡರ್ ಕರೆಯುತ್ತೇನೆ. ಸಂಜೆಯೊಳಗೆ ನಾಲಿಗೆ ಬರುತ್ತದೆ. ಮಹಾರಾಜರ ಮಾತು ಆಗಿದೆಯಲ್ಲ, ಇನ್ನೇಕೆ ಅವಸರ?"

ಮಹಾರಾಜರ ಮಾತು ಆಗಿತ್ತು. ಅವಧಾನಿಗಳು ಹಳೆಯ ಕಾಲದವರು. ಮಾತು ಆದಮೇಲೆ ಕೆಲಸವೂ ಆದಂತೆ ಎಂದು ನಂಬಿದ್ದರು. ಅವರು ಇಳಿದು ಬಂದು, ನದಿಗೆ ಹೋಗಿ ಮಿಂದು, ಗುಡಿಯಲ್ಲಿ ತುಂಗಮ್ಮನ ಹೆಸರಿಗೆ ಒಂದು ತುಪ್ಪದ ದೀಪ ಹಚ್ಚಿದರು. "ಇವತ್ತು ಸಂಜೆ ಕೇಳಿಸುತ್ತೆ, ಗಮನ ಇಟ್ಟುಕೊಂಡಿರು" ಎಂದರು.

ಸಂಜೆ ಕೇಳಿಸಿದ್ದು ಗುಡುಗು. ಬೇಸಿಗೆಯ ಮಧ್ಯೆ ಒಮ್ಮೊಮ್ಮೆ ಬರುವಂತೆ ಒಂದು ಅಡ್ಡಮಳೆ ಬಂತು. ಆಲಿಕಲ್ಲೂ ಬಿತ್ತು. ಒಂದು ಗಳಿಗೆ ಊರೆಲ್ಲ ಮಣ್ಣಿನ ವಾಸನೆ. ಅವಧಾನಿಗಳು ನೆನೆದುಕೊಂಡೇ ಅರಮನೆಗೆ ಹೋದರೆ, ಮಹಾರಾಜರು ಶಾಲು ಹೊದ್ದು, ಗಂಧ ಹಚ್ಚಿದ ಪಾದವನ್ನು ರೇಷ್ಮೆಯ ದಿಂಬಿನ ಮೇಲಿಟ್ಟು, ಬಿಸಿ ಬೋಂಡಾ ತಿನ್ನುತ್ತಿದ್ದರು. ಕಿಟಕಿಯ ಆಚೆ ಆಲಿಕಲ್ಲು ಪುಟಿಯುವುದನ್ನು ನೋಡುತ್ತಿದ್ದರು.

"ಬನ್ನಿ ಅವಧಾನಿಗಳೇ. ಎಂಥ ಚಳಿ ನೋಡಿ."

"ಪ್ರಭು, ನೆರಳುಗಂಟೆ..."

"ಯಾಕೆ?"

"ಬೇಸಿಗೆ ಬಂದಿದೆಯೆಂದು ಮಧ್ಯಾಹ್ನ ತಮ್ಮ ಅಪ್ಪಣೆಯಾಗಿತ್ತು."

"ಈಗ ನನ್ನ ಮೈ ನಡುಗುತ್ತಿದೆಯಲ್ಲ. ನಡುಗುವವನು ಬೇಸಿಗೆ ಎಂದರೆ ಜನ ಏನಂದುಕೊಂಡಾರು?"

ಅವಧಾನಿಗಳು ದಿಂಬಿನ ಮೇಲಿನ ಪಾದವನ್ನು ತೋರಿಸಿದರು. ಮಹಾರಾಜರು ಬಗ್ಗಿ ನೋಡಿದರು. ಬೊಬ್ಬೆ ಅಲ್ಲೇ ಇತ್ತು, ನೋವು ಹೋಗಿತ್ತು. ನೋವಿಲ್ಲದ ಬೊಬ್ಬೆ ಅವರಿಗೆ ಅಪರಿಚಿತರ ಕಾಲಿನಲ್ಲಿದ್ದಂತೆ ಕಂಡಿತು. "ಇದಕ್ಕೆ ಏನಾದರೂ ಒಂದು ವಿವರಣೆ ಬೇಕು" ಎಂದರು.

ಕೂಡಲೇ ಬೊಬ್ಬೆಯ ಮೇಲೆ ಒಂದು ಸಬ್‌ಕಮಿಟಿ ಕೂತಿತು. ಕುಶಲಪಂಡಿತರು ಭೂತಗನ್ನಡಿ ಹಿಡಿದು ನೋಡಿ, "ಬೊಬ್ಬೆ ನಿಜ. ಕಾರಣ ವಿವಾದಾಸ್ಪದ" ಎಂದರು. ನೆರೆರಾಜ್ಯದವರು ಚಪ್ಪಡಿಯ ಕೆಳಗೆ ಗುಟ್ಟಾಗಿ ಬೆಂಕಿ ಹಾಕಿರಬಹುದು ಎಂದು ಒಬ್ಬ ಸದಸ್ಯರಿಗೆ ಅನಿಸಿತು. ರಾಜಮಾರ್ಗದ ಗುತ್ತಿಗೆದಾರ ತಮ್ಮ ಅಳಿಯನೆಂದು ಇನ್ನೊಬ್ಬ ಸದಸ್ಯರಿಗೆ ನೆನಪಾಗಿ, ಚಪ್ಪಡಿ ನಿರಪರಾಧಿ, ಆ ಹೆಂಗಸು ಸುರಿದ ನೀರೇ ಬಿಸಿಯಿತ್ತು ಎಂದರು. ತಂಪುಯಂತ್ರದ ಉಸ್ತುವಾರಿಯವರು ಹೋದ ವರ್ಷ ಬೊಬ್ಬೆ ಎದ್ದಿರಲಿಲ್ಲವೆಂದೂ, ಆಗಲೂ ಯಂತ್ರ ಓಡುತ್ತಿತ್ತೆಂದೂ, ಆದ್ದರಿಂದ ಯಂತ್ರಕ್ಕೂ ಬೊಬ್ಬೆಗೂ ಸಂಬಂಧವಿಲ್ಲವೆಂದೂ ತರ್ಕಬದ್ಧವಾಗಿ ಸಾಧಿಸಿದರು. ಪ್ರತಿಯೊಬ್ಬರಿಗೂ ಆ ಬೊಬ್ಬೆಯಲ್ಲಿ ತಾವು ಮೊದಲೇ ನಂಬಿದ್ದೇ ಕಾಣುತ್ತಿತ್ತು.

ಅವಧಾನಿಗಳು ಕೇಳುವಷ್ಟು ಕೇಳಿದರು. ಆಮೇಲೆ ಯಾರ ಕಡೆಯೂ ನೋಡದೆ ಹೇಳಿದರು, "ಪ್ರಭು, ನನ್ನ ಮನೆಯಾಕೆ ಹೋದ ವರ್ಷ ಸಂತೋಷದಿಂದ ಹೋಗಲಿಲ್ಲ. ಬಿಸಿಲಿಗೆ ಹೋದಳು."

ಸಭೆಯಲ್ಲಿ ಬೋಂಡಾ ಅಗಿಯುವ ಸದ್ದೂ ನಿಂತಿತು. ಮಹಾರಾಜರ ಮುಖ ಸಣ್ಣದಾಯಿತು. ಅವರು ದಿಂಬಿನಿಂದ ಕಾಲೆತ್ತಿ, ಅಂಗಾಲನ್ನು ಅವಧಾನಿಗಳ ಕಡೆಗೆ ತಿರುಗಿಸಿ, ಬಹಳ ಅಂತಃಕರಣದಿಂದ ಹೇಳಿದರು, "ನಿಮ್ಮ ನೋವು ನನಗೆ ಗೊತ್ತು, ಅವಧಾನಿಗಳೇ. ಈಗ ನಾನೂ ಅನುಭವಿಸಿದ್ದೇನೆ."

ಈ ಮಾತು ಕೇಳಿ ತಥಾಸ್ತುರಾಯರಿಗೆ ಬುದ್ಧಿ ಮಿಂಚಿತು. ಅವರು ಎದ್ದು ಕೈಮುಗಿದರು. "ಪ್ರಭು, ಅವಧಾನಿಗಳು ಘೋಷಿಸಿದ್ದು ಸುಳ್ಳಲ್ಲ. ತಾವು ನಡುಗುತ್ತಿರುವುದೂ ಸುಳ್ಳಲ್ಲ. ಬೇಸಿಗೆ ಬಂದಿತ್ತು. ಇಡೀ ರಾಜ್ಯದ ಬೇಸಿಗೆ ಒಟ್ಟಾಗಿ ತಮ್ಮ ಬಲ ಅಂಗಾಲಿಗೆ ಬಂತು. ತಾವು ಅದನ್ನು ಪ್ರಜೆಗಳ ಪರವಾಗಿ ಅನುಭವಿಸಿ ಮುಗಿಸಿದಿರಿ. ಅದಕ್ಕೇ ಮಳೆ ಬಂತು. ಇನ್ನು ಯಾರೂ ಅದನ್ನು ಪ್ರತ್ಯೇಕವಾಗಿ ಅನುಭವಿಸುವ ಅಗತ್ಯವಿಲ್ಲ."

ಮಹಾರಾಜರು ತಮ್ಮ ಅಂಗಾಲನ್ನು ಹೊಸ ಗೌರವದಿಂದ ನೋಡಿದರು. "ನನಗೂ ಹಾಗೇ ಅನಿಸಿತ್ತು" ಎಂದರು.

"ಅಂದಮೇಲೆ ಗಂಟೆಯ ಅಗತ್ಯವೂ ಉಳಿಯಲಿಲ್ಲ" ಎಂದರು ತಥಾಸ್ತುರಾಯರು. "ಅಷ್ಟು ಕಂಚು ಸುಮ್ಮನೆ ನೇತಾಡುವುದಕ್ಕಿಂತ, ಕರಗಿಸಿ ಒಂದು ಸ್ಮಾರಕ ಮಾಡಬಹುದು."

ಮರುದಿನ ಬಿಸಿಲು ಎಂದಿನಂತೆ ಬಂತು. ಅದಕ್ಕೆ ಸಬ್‌ಕಮಿಟಿಯ ತೀರ್ಮಾನದ ಪ್ರತಿ ತಲುಪಿರಲಿಲ್ಲ. ಗೋಪುರದಿಂದ ಗಂಟೆ ಇಳಿಸುವಾಗ ಅವಧಾನಿಗಳು ಜಗಲಿಯಲ್ಲಿ ಕೂತು ನೋಡಿದರು. ಅದು ಇಳಿದು, ಗಾಡಿಯೇರಿ, ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮುಂದಿನ ವೈಶಾಖದಲ್ಲಿ ಮೊದಲನೆಯ ಬೊಬ್ಬೆ ಜಯಂತಿ. ನದೀತೀರದ ಬಯಲಿನಲ್ಲಿ ಕಂಚಿನ ರಾಜಪಾದವನ್ನು ಪ್ರತಿಷ್ಠಾಪಿಸಿದ್ದರು. ಆನೆಯಷ್ಟು ಎತ್ತರದ ಪಾದ, ಅಂಗಾಲು ಜನರ ಕಡೆಗೆ. ನಡುವೆ ತಲೆಗೆ ಎಟುಕುವ ಮಟ್ಟದಲ್ಲಿ ಚಿನ್ನದ ಬೊಬ್ಬೆ. ಬೊಬ್ಬೆಯ ಖರ್ಚಿಗೆ ಬೊಬ್ಬೆ ಸೆಸ್. ಪ್ರಜೆಗಳೆಲ್ಲ ಅಭಿಜಿನ್ಮುಹೂರ್ತದಲ್ಲಿ ಬರಿಗಾಲಲ್ಲಿ ಸಾಲಾಗಿ ಬಂದು, ಪಾದಕ್ಕೆ ಹಣೆ ಮುಟ್ಟಿಸಿ ಮಹಾರಾಜರ ತ್ಯಾಗವನ್ನು ಸ್ಮರಿಸಬೇಕೆಂದು ಆದೇಶ. ಆ ಹೊತ್ತನ್ನು ಆರಿಸಿಕೊಟ್ಟವರು ಅವಧಾನಿಗಳೇ ಆದ್ದರಿಂದ ಆದೇಶದಲ್ಲಿ ಅವರಿಗೆ ಕೃತಜ್ಞತೆ ಸಲ್ಲಿಸಲಾಗಿತ್ತು.

ಅವಧಾನಿಗಳು ಅರಮನೆಗೆ ಹೋಗಿ ಒಂದೇ ಒಂದು ಬೇಡಿಕೆ ಇಟ್ಟಿದ್ದರು. "ರಾಜಪಾದದ ತಾಪ ಇನ್ನೂ ಶಮನವಾಗಿಲ್ಲ, ಪ್ರಭು. ಮಜ್ಜಿಗೆಯ ಅಭಿಷೇಕವಾಗಬೇಕು. ಸಾಲು ಮುಗಿಯುವವರೆಗೂ ನಿಲ್ಲಿಸುವಂತಿಲ್ಲ. ಬಂದವರಿಗೆಲ್ಲ ತೀರ್ಥ ಕೊಡಬೇಕು. ಉದ್ಧರಣೆಯಲ್ಲಲ್ಲ, ಲೋಟದಲ್ಲಿ." ತಮ್ಮ ಪಾದಕ್ಕೆ ಅಭಿಷೇಕವೆಂದು ಕೇಳಿ ಮಹಾರಾಜರು ಸಂತೋಷಪಟ್ಟು, ಅರಮನೆಯ ಹಟ್ಟಿಯ ಮಜ್ಜಿಗೆಯನ್ನೆಲ್ಲ ಕೊಡಿಸಿದರು.

ಮೊದಲ ಸಾಲಿನವರು ತಣ್ಣನೆಯ ಕಂಚಿಗೆ ಹಣೆಯಿಟ್ಟು, ಲೋಟದ ತುಂಬ ಮಜ್ಜಿಗೆ ಕುಡಿದು ಹೋದರು. ಇದನ್ನು ನೋಡಿ ತಥಾಸ್ತುರಾಯರು ಹತ್ತಿರ ಬಂದರು.

"ಅವಧಾನಿಗಳೇ, ಯಾರ ಹಣೆಯ ಮೇಲೂ ಗುರುತು ಬೀಳುತ್ತಿಲ್ಲ. ಬಂದಿದ್ದವರು ಯಾರು, ಮನೆಯಲ್ಲಿ ಮಲಗಿದವರು ಯಾರು ಎಂದು ನಾಳೆ ನಾವು ತಿಳಿಯುವುದು ಹೇಗೆ? ಗುರುತಿಲ್ಲದವರಿಗೆ ಪಡಿತರ ಇಲ್ಲ ಎಂದು ಆದೇಶವಾಗಿದೆ. ನಿಮ್ಮಿಂದಾಗಿ ಇಷ್ಟು ಜನ ಉಪವಾಸ ಬೀಳಬೇಕೇ?"

ಹೋದವರನ್ನೆಲ್ಲ ಮತ್ತೆ ಸಾಲಿಗೆ ಕರೆಸಿದರು. ಪಾದದ ಮೇಲೆ ಸುರಿಯುವುದನ್ನು ನಿಲ್ಲಿಸಿದರು. ತೀರ್ಥಕ್ಕೆ ಅಡ್ಡಿಯಿಲ್ಲ, ಆದರೆ ಲೋಟಕ್ಕೆ ಇಷ್ಟೆಂದು ಸೇವಾಶುಲ್ಕ ಎಂದಾಯಿತು.

ಕಂಚು ಕಾಯಿತು. ಜನ ಒಬ್ಬೊಬ್ಬರೇ ಬಂದು ಹಣೆ ಮುಟ್ಟಿಸಿ, ಹಲ್ಲು ಕಚ್ಚಿ ಹಿಂದೆ ಸರಿದು, ಹಣೆಯ ಮೇಲೆ ಚಿಕ್ಕದೊಂದು ಬೊಬ್ಬೆ ಹೊತ್ತುಕೊಂಡು ಹೋದರು. ಶುಲ್ಕದ ಪೆಟ್ಟಿಗೆಯ ಬಳಿ ನಿಂತ ಅಧಿಕಾರಿ ಆಚೆ ತಿರುಗಿದಾಗಲೆಲ್ಲ ಅವಧಾನಿಗಳು ಪುಕ್ಕಟೆಯಾಗಿ ಒಂದು ಲೋಟ ದಾಟಿಸುತ್ತಿದ್ದರು. ಕೇಳಿದರೆ, "ಮಿಕ್ಕಿತ್ತು" ಎನ್ನುತ್ತಿದ್ದರು.

ದುರುಗಮ್ಮನ ಸರದಿ ಬಂತು. ಬಿಸಿಲಿಗೆ ಕಣ್ಣು ಕತ್ತಲೆ ಬಂದಿತ್ತೋ ಏನೋ, ಮುಟ್ಟುವ ಬದಲು ಆಕೆಯ ಹಣೆ ಕಂಚಿಗೆ ಬಡಿದೇಬಿಟ್ಟಿತು. ಠಣ್ ಎಂದು ಒಂದು ಸದ್ದು ಬಂತು. ಒಳಗೆ ಟೊಳ್ಳಾಗಿದ್ದ, ಗಂಟೆಯ ಕಂಚಿನದೇ ಪಾದ ಅದು. ಸದ್ದು ಬಯಲಿನ ಮೇಲೆ ಹರಡಿ, ನದಿಯ ಆಚೆ ದಡ ಮುಟ್ಟಿ, ಬಹಳ ಹೊತ್ತು ಗುನುಗಿತು.

ಅವಧಾನಿಗಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಅವರು ಆಕೆಯನ್ನು ಹಿಡಿದು ನಿಲ್ಲಿಸಿ ಲೋಟ ಕೊಟ್ಟರು. ಆಕೆ ಕುಡಿದು ಬಾಯಿ ಒರೆಸಿಕೊಂಡಳು.

"ಅಮ್ಮಾರು ಇದಕ್ಕೆ ಶುಂಠಿ ಜಜ್ಜಿ ಹಾಕ್ತಿದ್ರು, ಸ್ವಾಮೇರೆ."

"ಹೌದು. ಮರೆತೆ ಕಣಮ್ಮ. ನಾಳೆ ಹಾಕ್ತೀನಿ."

ಹಿಂದೆ ಇದ್ದವನೂ ತೂರಾಡುತ್ತ ಬಂದು ಹಣೆ ಬಡಿದ. ಅವನ ಹಿಂದಿನವಳೂ ಬಡಿದಳು. ಠಣ್, ಠಣ್ ಎಂದು ತುಂಗಮ್ಮನ ಹೆಸರಿನ ಸಂಕಲ್ಪ ಊರ ತುಂಬ ಕೇಳತೊಡಗಿತು. ಎಷ್ಟೋ ತಲೆಮಾರಿನ ಮೇಲೆ ನೆರಳುಗಂಟೆ ಮೊಳಗುತ್ತಿತ್ತು. ಯಾವ ಕೆಲಸವೂ ನಿಲ್ಲಲಿಲ್ಲ, ತೋಪಿನ ಬಾಗಿಲು ತೆರೆಯಲಿಲ್ಲ. ಸಾಲು ಮಾತ್ರ ಒಂದು ಹೆಜ್ಜೆ ಮುಂದೆ ಬಂತು.

ತಂಪಾದ ಉಪ್ಪರಿಗೆಯಲ್ಲಿ ಶಾಲು ಹೊದ್ದು ಕುಳಿತಿದ್ದ ಮಹಾರಾಜ ಸ್ವಾನುಭವೇಂದ್ರರು ಕಿವಿಗೊಟ್ಟು ಕೇಳಿದರು. ಅವರ ಕಣ್ಣು ಅರೆ ಮುಚ್ಚಿತು.

"ಎಷ್ಟು ಇಂಪಾಗಿದೆ, ರಾಯರೇ. ಇನ್ನು ಮೇಲೆ ದಿನಾ ಇರಲಿ."

"ತಥಾಸ್ತು" ಎಂದರು ಮಹಾಮಂತ್ರಿಗಳು.